ಶಾಲು ಹೆಗಲಿಗೆ ಬೀಳುವ ಮೊದಲು

ಸ್ಟ್ರೋಕ್ ಆಗಿ ನನ್ನ ಬಾಯಿ ಬಿದ್ದುಹೋದ ಮೇಲೆ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಯಿತು ಎಂದುಕೊಂಡಿರಾ? ಇಲ್ಲ ಮಾರಾಯ್ರೆ. ನನ್ನ ಪಾಲಿನ ಮಾತನ್ನೂ ಆಡಿಬಿಡುವವರು ಊರು ತುಂಬ ಹುಟ್ಟಿಕೊಂಡರು. ನಾನು ಬಾಯಿ ತೆರೆದರೆ ಸಾಕು, ಎದುರಿಗಿದ್ದವರು ನನ್ನ ತುಟಿಯನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಮೊದಲ ಅಕ್ಷರ ಹೊರಬಿದ್ದ ಕೂಡಲೇ ಉಳಿದದ್ದನ್ನು ತಾವೇ ಮುಗಿಸುತ್ತಿದ್ದರು. ಹೋಟೆಲಿನಲ್ಲಿ ಚಟ್ನಿ ಕೇಳಲು ಹೊರಟು ‘ಚ’ ಅಂದರೆ ಚಹಾ ಬಂದು ಕೂರುತ್ತಿತ್ತು. ಫ್ಯಾನ್ ಬೇಡ ಎನ್ನಲು ಹೊರಟರೆ ಹೆಂಡತಿ ‘ಫ್ಯಾನಾ? ಸೆಕೆ ಆಗ್ತದಾ?’ ಎಂದು ಅದನ್ನು ಇನ್ನೂ ಜೋರು ಮಾಡಿ ಅಡುಗೆಮನೆಗೆ ಹೋಗುತ್ತಿದ್ದಳು. ನಾನು ಚಳಿಯಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ಡಾಕ್ಟರರು ಸ್ಪಷ್ಟವಾಗಿಯೇ ಹೇಳಿದ್ದರು. ತಲೆಯೊಳಗೆ ಮಾತು ಸರಿಯಾಗಿದೆ, ಅದು ನಾಲಿಗೆಗೆ ಇಳಿದು ಬರುವುದು ಮಾತ್ರ ತಡ, ಅವಸರಪಡಿಸದೆ ಕಾಯಿರಿ ಎಂದು. ಎಲ್ಲರೂ ತಲೆಯಾಡಿಸಿದರು. ಕಾದವರು ಒಬ್ಬರೂ ಇಲ್ಲ. ಅವರಿಗೆ ನನ್ನ ಮೇಲೆ ಕರುಣೆ ಹೆಚ್ಚು. ನಾನು ಒಂದು ಪದಕ್ಕಾಗಿ ಒದ್ದಾಡುವುದನ್ನು ನೋಡಲಾಗುತ್ತಿರಲಿಲ್ಲ. ನನಗೋ ಸಿಟ್ಟು ಬರುತ್ತಿತ್ತು. ಆದರೆ ಸಿಟ್ಟು ಬಂದರೆ ಬೈಯಲಿಕ್ಕೂ ಮಾತು ಬರಬೇಕಲ್ಲ! ಬೈಗುಳ ತಯಾರಾಗಿ ನಾಲಿಗೆಗೆ ಬರುವಷ್ಟರಲ್ಲಿ ಬೈಸಿಕೊಳ್ಳಬೇಕಾದವರು ಗೇಟು ದಾಟಿರುತ್ತಿದ್ದರು.

ನಾನು ಕಡಬದ ಪಂಪ್ ರಿಪೇರಿಯವ. ಆದರೆ ಜನ ನನ್ನನ್ನು ಗುರುತಿಸುತ್ತಿದ್ದದ್ದು ಪಂಪಿನಿಂದಲ್ಲ, ಮೈಕಿನಿಂದ. ಕಬಡ್ಡಿ ಪಂದ್ಯಾಟದಲ್ಲಿ ವೀಕ್ಷಕ ವಿವರಣೆ ಹೇಳುತ್ತಿದ್ದವ ನಾನು. ಕೊಯಿಲ, ಸವಣೂರು, ಬೆಟ್ಟಂಪಾಡಿ, ಆಚೆ ಸುಳ್ಯದವರೆಗೂ ಎಲ್ಲಿ ಮ್ಯಾಟ್ ಹಾಸಿದರೂ ನನಗೆ ಫೋನು ಬರುತ್ತಿತ್ತು. ರೈಡರ್ ನಡುಗೆರೆ ದಾಟುವಾಗ ಶುರು ಮಾಡಿದ ವಾಕ್ಯ ಅವನು ಹಿಂದೆ ಬಂದು ಗೆರೆ ಮುಟ್ಟುವಾಗಲೇ ಮುಗಿಯಬೇಕು, ನಡುವೆ ಉಸಿರು ತೆಗೆಯಬಾರದು. ಅದು ನನ್ನ ಹಠ. ಆಡುವವರಿಗಿಂತ ನಿಮಗೇ ದಮ್ಮು ಜಾಸ್ತಿ ಎಂದು ಆಟಗಾರರೇ ತಮಾಷೆ ಮಾಡುತ್ತಿದ್ದರು. ಈಗ ಆ ಬಾಯಲ್ಲಿ ‘ನೀರು’ ಎಂಬ ಪದ ಹೊರಬರುವಷ್ಟರಲ್ಲಿ ಬಾಯಾರಿಕೆಯೇ ಹೋಗಿರುತ್ತದೆ. ಬಲಗೈಯೂ ಸೋತಿದೆ, ಇದನ್ನು ಎಡಗೈಯ ಹೆಬ್ಬೆರಳಲ್ಲಿ ಫೋನಿನ ಮೇಲೆ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಬರೆಯುವುದಕ್ಕೂ ಹೊತ್ತು ಹಿಡಿಯುತ್ತದೆ, ಆದರೆ ಫೋನು ನಡುವೆ ಬಾಯಿ ಹಾಕುವುದಿಲ್ಲ.

ನನಗೆ ಒಬ್ಬಳೇ ಮಗಳು. ಪುತ್ತೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ಶನಿವಾರ ಅವಳಿಗೆ ಅರ್ಧ ದಿನ. ನನಗೆ ನಾಲಿಗೆಯ ವ್ಯಾಯಾಮ ಕಲಿಸುವ ಮೇಡಂ ಪುತ್ತೂರಿಗೆ ಬರುವುದೂ ಶನಿವಾರವೇ. ನಾನು ಕಡಬದಿಂದ ಬಸ್ಸಿನಲ್ಲಿ ಹೋಗುವುದು, ಅವಳು ಬಸ್‌ಸ್ಟ್ಯಾಂಡಿನಲ್ಲಿ ಕಾಯುವುದು, ವ್ಯಾಯಾಮ ಮುಗಿದ ಮೇಲೆ ಒಟ್ಟಿಗೆ ಮನೆಗೆ ಬರುವುದು, ಹೀಗೆ ನಡೆಯುತ್ತಿತ್ತು. ಒಂದು ಶನಿವಾರ ಅವಳು ತಲೆ ಕೆರೆದುಕೊಂಡಳು. ಅವಳ ಸ್ನೇಹಿತರು ಒಂದು ಬೇಕರಿಯ ಮಾಳಿಗೆಯಲ್ಲಿ ಸೇರಿ ಕಾರ್ಡ್ ಆಡುತ್ತಾರಂತೆ, ನನ್ನ ದೆಸೆಯಿಂದ ಅವಳಿಗೆ ಎಷ್ಟೋ ವಾರದಿಂದ ಹೋಗಲಾಗಿಲ್ಲವಂತೆ, ಇವತ್ತು ಒಬ್ಬರು ಕಡಿಮೆಯಂತೆ. ನೀವೂ ಬಂದು ಮೂಲೆಯಲ್ಲಿ ಕೂತಿರಿ ಎಂದಳು.

ಕಾರ್ಡ್ ಎಂದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. ‘ಇಸ್...’ ಎಂದೆ.

‘ಇಸ್ಪೀಟಲ್ಲ ಅಪ್ಪ, ನೀವೊಂದು!’ ಎಂದು ಅವಳು ಮುಗಿಸಿಬಿಟ್ಟಳು. ಆ ವಿಷಯದಲ್ಲಿ ಅವಳೂ ತಾಯಿಯ ಮಗಳೇ.

ಅದು ಇಸ್ಪೀಟಲ್ಲ ಎಂಬುದು ನಿಜ. ಅಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಅವರವರೇ ಆರಿಸಿ ಜೋಡಿಸಿದ ಕಾರ್ಡುಗಳ ಕಟ್ಟು ಇತ್ತು. ಕೆಲವು ಪ್ರಾಣಿಗಳು: ರೆಕ್ಕೆಯ ಹುಲಿ, ಕಲ್ಲಿನ ಆನೆ, ಹೀಗೆ. ಅವು ಮೇಜಿನ ಮೇಲೆ ನಿಂತು ಜಗಳಾಡುತ್ತವೆ. ಕೆಲವು ಮಂತ್ರಗಳು: ಬೆಂಕಿ ಹಾಕುವಂಥದ್ದು, ಕಾಪಾಡುವಂಥದ್ದು, ಮಾಯ ಮಾಡುವಂಥದ್ದು. ಎದುರಾಳಿಯ ಜೀವವನ್ನು ಸೊನ್ನೆಗೆ ಇಳಿಸಿದವರು ಗೆದ್ದರು. ಎಲ್ಲರೂ ದುಡಿಯುವ ಪ್ರಾಯದವರು, ಹುಲಿ ಆನೆ ಎಂದು ಮಕ್ಕಳ ಹಾಗೆ ಕೂತಿದ್ದಾರಲ್ಲ ಎಂದು ನನಗೆ ನಗು ಬಂತು. ಅಷ್ಟರಲ್ಲಿ ಮಗಳು ತನ್ನ ಇನ್ನೊಂದು ಕಟ್ಟನ್ನು ನನ್ನ ಎಡಗೈಗೆ ತುರುಕಿ, ನನ್ನ ಎದುರು ಒಬ್ಬ ಯುವಕನನ್ನು ಕೂರಿಸಿದಳು. ಅವನು ಮೊಬೈಲ್ ರಿಪೇರಿಯವನು.

ಮಗಳು ನನ್ನ ಹಿಂದೆ ಕೂತು ಕಿವಿಯಲ್ಲಿ ಹೇಳಿಕೊಟ್ಟ ಹಾಗೆ ನಾನು ಕಲ್ಲಿನ ಆನೆಯನ್ನು ಮೇಜಿಗೆ ಇಳಿಸಿದೆ. ಅವನ ಸರದಿ ಬಂತು. ಅವನೊಂದು ಬೆಂಕಿಯ ಕಾರ್ಡು ಎತ್ತಿ ತೋರಿಸಿ, ನನ್ನ ಆನೆಯನ್ನು ಬೆರಳಿಂದ ಮುಟ್ಟಿ, ‘ಈ ಬೆಂಕಿ, ಈ ಆನೆಗೆ’ ಎಂದ. ಎಂದವನು ಕೈ ಕಟ್ಟಿ ಹಿಂದಕ್ಕೆ ಒರಗಿ ಕೂತ. ನಾನು ನೋಡಿದೆ. ಅವನೂ ನೋಡಿದ. ನನ್ನನ್ನು ಗೇಲಿ ಮಾಡುತ್ತಿದ್ದಾನೆ ಎಂದೇ ನನಗೆ ಅನ್ನಿಸಿತು.

‘ಎಂತ... ಕಾ... ಯುದು?’ ಎಂದೆ ಮಗಳಿಗೆ.

‘ನಿಮ್ಮ ಉತ್ತರಕ್ಕೆ ಅಪ್ಪ. ಅವನು ಬೆಂಕಿ ಎತ್ತಿದ್ದು ಮಾತ್ರ, ಅದಿನ್ನೂ ಬಿದ್ದಿಲ್ಲ. ನಿಮ್ಮ ಕೈಯಲ್ಲಿ ತಡೆಯುವಂಥದ್ದು ಎಂತಾದ್ರೂ ಉಂಟಾದ್ರೆ ಈಗ ಹಾಕ್ಬಹುದು. ಇಲ್ಲದಿದ್ರೆ ಪಾಸ್ ಹೇಳಿ. ನೀವು ಹೇಳದೆ ಅವನು ಮುಂದೆ ಹೋಗುವ ಹಾಗಿಲ್ಲ.’

‘ತಡ... ಆ... ದ್ರೆ?’

‘ಆಗ್ಲಿ ಅಂಕಲ್,’ ಎಂದ ಆ ಯುವಕ. ‘ರೂಲ್ ಅಲ್ವಾ.’

ಅವನು ದೊಡ್ಡ ಮಾತೇನೂ ಆಡಲಿಲ್ಲ. ಕೆಳಗಿನಿಂದ ಪಫ್ಸ್ ತರಿಸಿದ್ದ, ಅದನ್ನು ಮುರಿಯುತ್ತಾ ಹೇಳಿದ ಅಷ್ಟೆ. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ನನಗಾಗಿ ಕಾದವರೆಲ್ಲ ದಯೆಯಿಂದ ಕಾದವರು. ದಯೆ ತೀರಿದ ಕೂಡಲೇ ಬಾಯಿ ಹಾಕಿದವರು. ಇವನಿಗೆ ನನ್ನ ಮೇಲೆ ದಯೆಯೂ ಇರಲಿಲ್ಲ, ಬೇಸರವೂ ಇರಲಿಲ್ಲ. ನನ್ನ ಮಾತು ಅವನ ಆಟಕ್ಕೆ ಬೇಕಾಗಿತ್ತು. ನಾನು ಅಲ್ಲೇ ಅತ್ತುಬಿಟ್ಟೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಅವನು ಅದಕ್ಕೂ ಕಾದ. ಕೊನೆಗೆ ‘ಪಾ... ಸ್’ ಎಂದೆ. ಆನೆ ಸತ್ತಿತು. ಅಷ್ಟು ಖುಷಿಯಿಂದ ಆನೆ ಕಳಕೊಂಡವರು ಬೇರೆ ಯಾರೂ ಇರಲಿಕ್ಕಿಲ್ಲ.

ಮುಂದಿನ ಶನಿವಾರ ನಾನೇ ಮಗಳ ಕೈ ಹಿಡಿದು ಬೇಕರಿಯ ಕಡೆಗೆ ಎಳೆದೆ. ಹಾಗೆ ವಾರ ವಾರ ಒಂದೊಂದು ನಿಯಮ ತಲೆಗೆ ಹತ್ತಿತು. ಮಂತ್ರ ಹಾಕುವವನು ಮೊದಲೇ ಗುರಿ ತೋರಿಸಬೇಕು. ಬೆಂಕಿ ಎತ್ತಿ ಹಿಡಿದು, ಎದುರಿನವನ ಮುಖ ನೋಡಿ, ಆಮೇಲೆ ಯಾರ ಮೇಲೆ ಹಾಕಲಿ ಎಂದು ಲೆಕ್ಕ ಹಾಕುವ ಹಾಗಿಲ್ಲ. ಬೆರಳಿಟ್ಟು ಮುಟ್ಟಬೇಕು, ಇದಕ್ಕೆ ಎನ್ನಬೇಕು, ಮತ್ತೆ ಬದಲಾಯಿಸುವ ಹಾಗಿಲ್ಲ. ನಮ್ಮಲ್ಲಿ ‘ಯಾರೋ ಹೇಳ್ತಿದ್ರು’ ಎಂದು ಗಾಳಿಯಲ್ಲಿ ಕಲ್ಲು ಎಸೆಯುತ್ತಾರಲ್ಲ, ಆ ಆಟ ಅಲ್ಲಿ ನಡೆಯುವುದಿಲ್ಲ.

ಗುರಿ ತೋರಿಸಿದ ಮೇಲೆ ಎದುರಿನವನ ಉತ್ತರ. ಆ ಉತ್ತರಕ್ಕೆ ಇವನ ಉತ್ತರ. ಹೀಗೆ ಒಂದರ ಮೇಲೊಂದು ಏರುತ್ತಾ ಹೋಗುತ್ತದೆ, ನೀರುದೋಸೆ ಹೊಯ್ದು ತಟ್ಟೆಯಲ್ಲಿ ಪೇರಿಸಿದ ಹಾಗೆ. ಎಲ್ಲರೂ ಸಾಕು ಎಂದ ಮೇಲೆ ಮೇಲಿನದ್ದನ್ನೇ ಮೊದಲು ತೆಗೆಯಬೇಕು. ಅಂದರೆ ಕೊನೆಗೆ ಆಡಿದ ಮಾತು ಮೊದಲು ನಡೆಯುತ್ತದೆ, ಮೊದಲು ಆಡಿದ್ದು ಅಡಿಯಲ್ಲಿ ಬಿದ್ದು ಕಾಯುತ್ತದೆ. ತಡವಾಗಿ ಮಾತಾಡುವವನಿಗೆ ಇದಕ್ಕಿಂತ ಒಳ್ಳೆಯ ನಿಯಮ ಉಂಟಾ, ಹೇಳಿ? ನನಗಂತೂ ಅದು ಯಾರೋ ನನಗೋಸ್ಕರವೇ ಬರೆದ ಹಾಗಿತ್ತು.

ಇನ್ನೊಂದು ಉಂಟು. ಬೆಂಕಿ ಬೀಳುವ ಗಳಿಗೆಯಲ್ಲಿ ಗುರಿ ಅಲ್ಲೇ ಇದೆಯೇ ಎಂದು ಮತ್ತೊಮ್ಮೆ ನೋಡಬೇಕು. ಇಲ್ಲದಿದ್ದರೆ ಬೆಂಕಿ ಹಾಳು. ಒಮ್ಮೆ ಅವನು ನನ್ನ ರೆಕ್ಕೆಯ ಹುಲಿಗೆ ಬೆಂಕಿ ಎತ್ತಿದ. ನನ್ನ ಕೈಯಲ್ಲಿ ಪ್ರಾಣಿಯನ್ನು ಹಿಂದಕ್ಕೆ ಕರೆಸಿಕೊಳ್ಳುವ ಪುಟ್ಟ ಮಂತ್ರ ಇತ್ತು. ಅದನ್ನು ಮೇಲೆ ಇಟ್ಟೆ. ನನ್ನದು ಮೊದಲು ನಡೆಯಿತು, ಹುಲಿ ಎದ್ದು ನನ್ನ ಕೈಗೆ ಬಂತು. ಅವನ ಬೆಂಕಿ ಬಂದು ನೋಡುವಾಗ ಮೇಜು ಖಾಲಿ. ‘ಅಯ್ಯೋ ಅಂಕಲ್, ಮೋಸ!’ ಎಂದು ಅವನು ಹಣೆ ಬಡಿದುಕೊಂಡ. ನಾನು ನಕ್ಕ ನಗುವಿಗೆ ಬೇಕರಿಯವರು ಮಾಳಿಗೆ ಹತ್ತಿ ಬಂದು ನೋಡಿದರು.

ಪೆಟ್ಟು ತಿಂದದ್ದೂ ಉಂಟು. ನಮ್ಮ ಕಡೆ ಎದುರಿನವರು ಮಾತಾಡುವಾಗ ನಡುನಡುವೆ ‘ಹೂಂ, ಹೂಂ’ ಎನ್ನುತ್ತಿರಬೇಕು. ಇಲ್ಲದಿದ್ದರೆ ‘ಕೇಳ್ತಾ ಉಂಟಾ?’ ಎಂದು ಅವರು ಮಾತನ್ನೇ ನಿಲ್ಲಿಸುತ್ತಾರೆ. ಆ ಯುವಕ ತನ್ನ ಕಾರ್ಡಿನ ವಿವರ ಹೇಳುತ್ತಿದ್ದಾಗ ನಾನು ಅಭ್ಯಾಸಬಲದಿಂದ ಹೂಂಗುಟ್ಟಿದೆ. ಅವನು ‘ಪಾಸಾ? ಸರಿ’ ಎಂದು ನನ್ನ ಹುಲಿಯನ್ನು ಎತ್ತಿ ಬದಿಗಿಟ್ಟ. ನನ್ನ ಮೈಯೆಲ್ಲ ಉರಿಯಿತು. ಕಾರ್ಡುಗಳನ್ನು ಮೇಜಿನ ಮೇಲೆ ಬಡಿದು ಎದ್ದು ನಿಂತೆ. ‘ಕೂತ್ಕೊಳ್ಳಿ ಅಪ್ಪ,’ ಎಂದಳು ಮಗಳು, ‘ಈ ಮೇಜಿನಲ್ಲಿ ಹೂಂ ಹೇಳಿದ್ರೆ ಬಿಟ್ಟ ಹಾಗೆ. ಬಿಟ್ಟ ಮೇಲೆ ವಾಪಸ್ ತೆಗೊಳ್ಳುವ ಹಾಗಿಲ್ಲ. ಮೊದ್ಲು ಆಲೋಚನೆ ಮಾಡಿ, ಆಮೇಲೆ ಬಾಯಿ ಬಿಡಿ.’ ಹೆತ್ತ ಮಗಳಿಂದ ಹೇಳಿಸಿಕೊಂಡೆ. ಆದರೆ ಅಂದಿನಿಂದ ತುಟಿ ಬಿಗಿಹಿಡಿದು ಕೂರಲು ಕಲಿತೆ.

ನನಗೆ ಆಗದೆ ಇದ್ದದ್ದು ಒಂದೇ, ಸ್ಲೋ ಕಾರ್ಡುಗಳು. ಮಂತ್ರಗಳಲ್ಲಿ ಎರಡು ಜಾತಿ. ಫಾಸ್ಟ್ ಕಾರ್ಡನ್ನು ಯಾರ ಸರದಿಯಲ್ಲಾದರೂ, ಯಾರದೇ ಮಂತ್ರಕ್ಕೆ ಉತ್ತರವಾಗಿ ಹಾಕಬಹುದು. ಸ್ಲೋ ಕಾರ್ಡು ಹಾಗಲ್ಲ. ನಮ್ಮದೇ ಸರದಿ ಆಗಿರಬೇಕು, ಮೇಜಿನಲ್ಲಿ ಬೇರೆ ಯಾವ ಮಂತ್ರವೂ ಬಾಕಿ ಇರಬಾರದು. ಬೆಂಕಿ ತಲೆಯ ಮೇಲೆ ತೂಗುತ್ತಿರುವಾಗ ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಿರಬೇಕು. ಒಮ್ಮೆ ನಾನು ಒಂದು ಸ್ಲೋ ಕಾರ್ಡನ್ನು ಎತ್ತಿ ಎಲ್ಲರಿಗೂ ತೋರಿಸಿ, ‘ಇದು... ನಾನೇ’ ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ‘ಆದ್ರೆ ದೊಡ್ಡ ಕೆಲ್ಸ ಮಾಡುದು ಅದುವೇ ಅಂಕಲ್’ ಎಂದ ಆ ಯುವಕ. ನನ್ನನ್ನು ಸಮಾಧಾನ ಮಾಡುತ್ತಿದ್ದಾನೆ ಎಂದುಕೊಂಡೆ.

ಮನೆಯಲ್ಲಿ ಮಗಳು ಈಗ ಕಾಯಲು ಶುರು ಮಾಡಿದ್ದಳು. ನಾನು ಬಾಯಿ ತೆರೆದರೆ ಅವಳು ಆ ಯುವಕನ ಹಾಗೆಯೇ ಕೈ ಕಟ್ಟಿ ಕೂರುತ್ತಿದ್ದಳು. ಹೆಂಡತಿಗೆ ಅದು ಕ್ರೌರ್ಯವಾಗಿ ಕಾಣುತ್ತಿತ್ತು. ‘ಅವರು ಅಷ್ಟು ಕಷ್ಟಪಡುವಾಗ ಗೊಂಬೆಯ ಹಾಗೆ ಕೂತಿದ್ದೀಯಲ್ಲ, ಕರುಳು ಇಲ್ವಾ ನಿನಗೆ?’ ಎಂದು ಮಗಳನ್ನು ಬೈಯುತ್ತಿದ್ದಳು. ಆಸ್ಪತ್ರೆಯಲ್ಲಿ ನನ್ನ ಕಾಲ ಬುಡದಲ್ಲಿ ಕೂತು ನಿದ್ದೆಗೆಟ್ಟವಳು ಹೆಂಡತಿ. ಅವಳ ಸಂಕಟ ನನಗೆ ಅರ್ಥವಾಗುತ್ತಿತ್ತು.

ಹೀಗಿರುವಾಗ ಸವಣೂರಿನ ಕಬಡ್ಡಿ ಕಮಿಟಿಯವರು ಮನೆಗೆ ಬಂದರು. ಈ ವರ್ಷದ ಪಂದ್ಯಾಟದಲ್ಲಿ ನನಗೆ ಸನ್ಮಾನ. ಕಾರ್ಯದರ್ಶಿ ನನ್ನ ಕೈ ಹಿಡಿದು ಹೇಳಿದ: ‘ಅಣ್ಣ, ನಿಮ್ಮ ಸ್ವರ ಇಲ್ಲದೆ ನಮ್ಮ ಪಂದ್ಯಾಟ ಇರ್ಲಿಲ್ಲ. ಇನ್ನು ನೀವು ಆರಾಮ ಮಾಡಿ. ಮೈಕ್ ನಮ್ಮ ಪಿ.ಟಿ. ಮಾಸ್ಟ್ರು ನೋಡಿಕೊಳ್ತಾರೆ.’ ಪಿ.ಟಿ. ಮಾಸ್ಟ್ರು ಎಂದರೆ ಹೈಸ್ಕೂಲಿನಲ್ಲಿ ಆಟ ಕಲಿಸುವ ಯುವಕ. ನನ್ನ ಪಕ್ಕದಲ್ಲೇ ನಿಂತು ವಿವರಣೆ ಕಲಿತವನು. ಒಳ್ಳೆಯವನು.

ನಾನು ತುಟಿ ಬಿಗಿಹಿಡಿದೆ, ಹೂಂ ಎನ್ನಲಿಲ್ಲ. ನನ್ನ ಮೌನವನ್ನು ಅವರು ವಿನಯ ಎಂದುಕೊಂಡರು. ‘ಬೇ...’ ಎಂದೆ. ‘ಬೇಡ ಹೇಳ್ಬೇಡಿ ಅಣ್ಣ, ನಿಮ್ಮದು ದೊಡ್ಡ ಮನಸ್ಸು’ ಎಂದು ಕಾರ್ಯದರ್ಶಿ ನನ್ನ ಬೆನ್ನು ಸವರಿದ. ಹೆಂಡತಿ ಕಣ್ಣು ಒರೆಸಿಕೊಂಡು ಎಲ್ಲರಿಗೂ ಚಹಾ ಕೊಟ್ಟಳು.

ನಮ್ಮ ಊರಿನ ಸನ್ಮಾನ ನಿಮಗೆ ಗೊತ್ತಿರಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ, ಫ್ರೇಮು ಹಾಕಿಸಿದ ಸನ್ಮಾನ ಪತ್ರ. ಪ್ರೀತಿಯಿಂದಲೇ ಮಾಡುತ್ತಾರೆ, ಸುಳ್ಳಲ್ಲ. ಆದರೆ ಒಮ್ಮೆ ಶಾಲು ಹೆಗಲಿಗೆ ಬಿದ್ದರೆ ಆ ಮನುಷ್ಯನ ಕೆಲಸ ಮುಗಿಯಿತು. ಹಳೆಯ ಅಂಪೈರರಿಗೆ ಶಾಲು ಹೊದೆಸಿದರು. ಮುಂದಿನ ವರ್ಷ ಅವರು ಸೀಟಿ ಜೇಬಿನಲ್ಲಿಟ್ಟುಕೊಂಡು ಬಂದರೆ ವೇದಿಕೆಯ ಕುರ್ಚಿ ತೋರಿಸಿದರು. ಅವರು ಅಲ್ಲಿ ಕೂತು ಆಟ ನೋಡಿದ ರೀತಿ ನನ್ನ ಕಣ್ಣಿನಿಂದ ಹೋಗಿಲ್ಲ. ನನಗೆ ಮೈಕ್ ಬೇಕಿತ್ತು. ಮಾತು ಪೂರ್ತಿ ಮರಳಿದ ಮೇಲಲ್ಲ, ಈಗಲೇ, ಇದೇ ನಾಲಿಗೆಯಲ್ಲಿ. ಶಾಲು ಬಿದ್ದರೆ ನನ್ನ ಮಾತು ಮುಗಿಯಿತು ಎಂದು ಊರೇ ಸೇರಿ ಹೇಳಿದ ಹಾಗೆ ಎಂದು ನನಗೆ ಭಯವಾಯಿತು.

ಮುಂದಿನ ಶನಿವಾರ ಪುತ್ತೂರಿನಿಂದ ಬರುವಾಗ ಬಸ್ಸಿನಲ್ಲಿ ಮಗಳಿಗೆ ಹೇಳಿದೆ: ‘ಶಾಲು... ಬೇಡ.’ ಅವಳು ಕಾದಳು. ‘ಮೈಕ್... ಬೇಕು.’

‘ಯಾವಾಗ ಹೇಳುದು?’ ಎಂದಳು ಅವಳು. ‘ಈಗ ಹೇಳಿದ್ರೆ ನಾಚಿಕೆಗೆ ಹೇಳುದು ಅಂತಾರೆ, ಯಾರೂ ಕೇಳುದಿಲ್ಲ. ಹೊದೆಸಿದ ಮೇಲೆ ಹೇಳಿದ್ರೆ ತಡ ಆಯ್ತು. ಅವರು ನಿಮ್ಮನ್ನು ಕರೆದು ನಿಲ್ಲಿಸಿ, ಶಾಲು ಎತ್ತಿದ ಮೇಲೆ, ಅದು ಬೀಳುವ ಮೊದ್ಲು. ಅಷ್ಟೇ ಜಾಗ ಇರುದು ಅಪ್ಪ.’ ಮತ್ತೆ ಹೇಳಿದಳು: ‘ನಿಮ್ಮ ಮಾತು ನಾನು ಹೇಳುದಿಲ್ಲ. ಬೇಕಾದ್ರೆ ಅವರನ್ನು ಕಾಯುವ ಹಾಗೆ ಮಾಡ್ತೇನೆ.’

ವಿಷಯ ಹೆಂಡತಿಗೆ ಗೊತ್ತಾಗಿ ಮನೆಯಲ್ಲಿ ರಾದ್ಧಾಂತವಾಯಿತು. ‘ಅಷ್ಟು ಜನರ ಎದುರು ಮಾತು ಬಾರದೆ ನೀವು ನಿಂತ್ರೆ ನನಗೆ ನೋಡ್ಲಿಕ್ಕೆ ಆಗ್ತದಾ?’ ಎಂದು ಅತ್ತಳು. ನನಗೂ ಅದೇ ಹೆದರಿಕೆ.

ಆ ದಿನ ಸವಣೂರಿನ ಶಾಲೆಯ ಮೈದಾನದಲ್ಲಿ ಇನ್ನೂ ಬಿಸಿಲಿರುವಾಗಲೇ ಸಭೆ ಶುರುವಾಯಿತು. ಮ್ಯಾಟಿನ ಸುತ್ತ ಜನ, ಎದುರಿಗೆ ವೇದಿಕೆ. ನನ್ನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ಸನ್ಮಾನ ಪತ್ರ ಓದಿದರು. ಅರಳು ಹುರಿದಂಥ ಮಾತು, ಗುಡುಗಿನಂಥ ಕಂಠ ಎಂದೆಲ್ಲ ಬರೆದಿದ್ದರು. ಹೀಗೆ ಹೊಗಳಿದರೆ ಯಾರಿಗೆ ಬೇಡ? ಆದರೆ ಎಲ್ಲ ವಾಕ್ಯವೂ ‘ಇದ್ದರು’, ‘ಮಾಡಿದರು’ ಎಂದೇ ಮುಗಿಯುತ್ತಿತ್ತು. ಓದುವುದು ಮುಗಿಯಿತು. ಮುಖ್ಯ ಅತಿಥಿಗಳು, ವಯಸ್ಸಾದವರು, ಬಹಳ ಸಾಧು, ಶಾಲು ಬಿಡಿಸಿ ಎರಡು ಕೈಯಲ್ಲಿ ಎತ್ತಿದರು. ನಾನು ಎದ್ದುನಿಂತು ಎಡಗೈಯನ್ನು ಅಡ್ಡ ಹಿಡಿದೆ.

ಅತಿಥಿಗಳು ಶಾಲನ್ನು ಒಂದು ಕೈಗೆ ಹಾಕಿಕೊಂಡು ನನ್ನ ಕೈ ಕುಲುಕಿದರು. ಕಮಿಟಿಯ ಒಬ್ಬ ನೀರು ತಂದ. ಇನ್ನೊಬ್ಬ ಕುರ್ಚಿ ಹತ್ತಿರ ಎಳೆದ. ಕಾರ್ಯದರ್ಶಿ ಕಿವಿಯ ಹತ್ತಿರ ಬಂದು ಮೆಲ್ಲಗೆ, ‘ಅಣ್ಣ, ಮೂತ್ರಕ್ಕೆ ಹೋಗ್ಬೇಕಾ?’ ಎಂದು ಕೇಳಿದ. ಅವನ ಕೈಯಲ್ಲಿದ್ದ ಮೈಕ್ ಬಾಯಿಯ ಎದುರೇ ಇತ್ತು. ಮೈದಾನಕ್ಕೆಲ್ಲ ಕೇಳಿತು! ಆ ಗಳಿಗೆಯಲ್ಲಿ ನಾಲಿಗೆ ಸರಿ ಇದ್ದಿದ್ದರೆ ನಾನು ಅವನಿಗೆ ಹೇಳುತ್ತಿದ್ದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮಗಳು ವೇದಿಕೆಯ ಎದುರು ಬಂದು ನಿಂತಳು. ‘ಅವರಿಗೆ ಒಂದು ಮಾತು ಹೇಳ್ಲಿಕ್ಕೆ ಉಂಟು. ಹೇಳಿ ಆಗುವವರೆಗೆ ಕಾಯಿರಿ.’

‘ಕಾರ್ಯಕ್ರಮ ತಡ ಆಗ್ತದೆ ಮಗಾ,’ ಎಂದ ಕಾರ್ಯದರ್ಶಿ.

‘ಆಗ್ಲಿ,’ ಎಂದಳು.

ಅಷ್ಟು ಜನ, ಅಷ್ಟೂ ಮುಖ ನನ್ನ ಕಡೆಗೆ. ಪದ ಎದೆಯಿಂದ ಎದ್ದು ಗಂಟಲಿಗೆ ಬಂದು ಅಲ್ಲೇ ಕೂತಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿ ಹಿಡಿದಿದ್ದಳು. ನನ್ನ ಮಾತನ್ನು ತಾನು ಹೇಳಿಬಿಡದ ಹಾಗೆ ಒತ್ತಿ ಹಿಡಿದಿದ್ದಾಳೆ ಎಂದು ಗೊತ್ತಾದಾಗ ನನಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

‘ಶಾಲು... ಬೇಡ,’ ಎಂದೆ. ‘ಮೈ... ಕ್... ಬೇಕು.’

ಜನರ ನಡುವೆ ಗುಸುಗುಸು ಎದ್ದಿತು. ಯಾರೋ ‘ಅಯ್ಯೋ ಪಾಪ’ ಎಂದರು. ಅತಿಥಿಗಳು ಏನು ಮಾಡಲಿ ಎಂದು ತಿಳಿಯದೆ ಶಾಲನ್ನು ಕುರ್ಚಿಯ ಬೆನ್ನಿಗೆ ಹಾಕಿದರು. ಪಿ.ಟಿ. ಮಾಸ್ಟ್ರು ಮಾತ್ರ ಒಂದು ಕ್ಷಣವೂ ಅನುಮಾನಿಸದೆ ವೇದಿಕೆ ಹತ್ತಿ ಬಂದು, ‘ತೆಗೊಳ್ಳಿ ಅಣ್ಣ’ ಎಂದು ತನ್ನ ಮೈಕನ್ನು ನನ್ನ ಕೈಗೆ ಕೊಟ್ಟ.

ಮೊದಲ ಪಂದ್ಯ ಶುರುವಾಯಿತು. ರೈಡರ್ ಕಬಡ್ಡಿ ಕಬಡ್ಡಿ ಎನ್ನುತ್ತಾ ಗೆರೆ ದಾಟಿದ. ಬಲಬದಿಯ ಮೂಲೆಯವನ ಮೇಲೆ ಅವನ ಕಣ್ಣು. ನನಗೆ ಎಲ್ಲವೂ ಕಾಣುತ್ತಿತ್ತು, ವಾಕ್ಯವೂ ತಲೆಯಲ್ಲಿ ತಯಾರಿತ್ತು. ‘ಬಲ...’ ಎಂದೆ. ಅಷ್ಟರಲ್ಲಿ ಅವನು ಮುಟ್ಟಿ, ಹಿಂದೆ ಓಡಿ ಬಂದು, ತೊಡೆ ತಟ್ಟಿ, ನೀರು ಕುಡಿಯುತ್ತಿದ್ದ. ಎದುರಿನ ತಂಡದ ರೈಡರ್ ಹೊರಟ. ‘ಬೋ...’ ಎಂದೆ. ಬೋನಸ್ ಆಗಿಹೋಗಿತ್ತು. ಬೊಬ್ಬೆ ಹೊಡೆಯಬೇಕಾದ ಜನ ನನ್ನ ಮುಖ ನೋಡಿ ಸುಮ್ಮನೆ ಕೂತಿದ್ದರು. ಆ ಮೌನವನ್ನು ನನ್ನಿಂದ ಸಹಿಸಲಾಗಲಿಲ್ಲ. ನಾಚಿಕೆಯಾಯಿತು, ದುಃಖವಾಯಿತು. ಬೇಕರಿಯ ಮಾಳಿಗೆಯ ರೂಲು ಕಬಡ್ಡಿಗೆ ಗೊತ್ತಿಲ್ಲ. ಓಡುವವನ ದಮ್ಮು ನನಗಾಗಿ ಹೇಗೆ ಕಾಯುತ್ತದೆ? ಇದರಲ್ಲಿ ಯಾರ ತಪ್ಪೂ ಇರಲಿಲ್ಲ.

ನಾನು ಸ್ಲೋ ಕಾರ್ಡು. ತಮಾಷೆಗೆ ಹೇಳಿದ್ದೆ, ಆದರೆ ಅದು ಸತ್ಯ. ಬೇರೆಯವರ ಆಟ ಗಾಳಿಯಲ್ಲಿರುವಾಗ ನನಗೆ ಜಾಗವಿಲ್ಲ. ಮೇಜು ಖಾಲಿಯಾದಾಗ ಉಂಟು. ಪಿ.ಟಿ. ಮಾಸ್ಟ್ರನ್ನು ಹತ್ತಿರ ಕರೆದು ಮೈಕನ್ನು ಅವನ ಕೈಗೇ ವಾಪಸ್ ಇಟ್ಟೆ. ಅವನು ‘ಬೇಡ ಅಣ್ಣ, ನೀವೇ’ ಎನ್ನಲು ಹೊರಟ. ನಾನು ಕೈ ಅಡ್ಡ ಹಿಡಿದೆ, ಅವನು ಕಾದ.

‘ಓಡುವಾಗ... ನಿನ್ನದು,’ ಎಂದೆ. ‘ನಿಂತಾಗ... ನನ್ನದು.’

ಅವನು ನನ್ನನ್ನು ನೋಡಿದ. ‘ಆಯ್ತಣ್ಣ. ನಿಂತ ಕೂಡ್ಲೆ ತರ್ತೇನೆ,’ ಎಂದ. ಎಂದವನೇ ತಿರುಗಿ ಆಟಕ್ಕೆ ಸ್ವರ ಕೊಟ್ಟ. ಒಳ್ಳೆಯ ಸ್ವರ. ಜನ ಉಸಿರು ಬಿಟ್ಟು ಬೊಬ್ಬೆ ಹೊಡೆಯಲು ಶುರು ಮಾಡಿದರು. ನಾನು ಕುರ್ಚಿಯಲ್ಲಿ ಕೂತು ಅರ್ಧ ಆಟವನ್ನು ಕಣ್ಣು ಮಿಟುಕಿಸದೆ ನೋಡಿದೆ. ಹೆಂಡತಿ ಯಾವಾಗಲೋ ಬಂದು ಕುರ್ಚಿಯ ಬೆನ್ನಿನಿಂದ ಶಾಲನ್ನು ತೆಗೆದು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ‘ಬೇಡ ಹೇಳಿದ್ದು ನೀವು, ನಾನಲ್ಲ,’ ಎಂದಳು.

ಅರ್ಧ ಸಮಯದ ಸೀಟಿ ಕೇಳಿತು. ಆ ಹೊತ್ತಿಗೆ ಯಾವಾಗಲೂ ಸ್ಪೀಕರಿನಲ್ಲಿ ಸಿನೆಮಾ ಪದ್ಯ ಹಾಕುತ್ತಾರೆ. ಪಿ.ಟಿ. ಮಾಸ್ಟ್ರು ಹಾಕಲು ಬಿಡಲಿಲ್ಲ. ಮೈಕನ್ನು ತಂದು ನನ್ನ ಎಡಗೈಯಲ್ಲಿ ಇಟ್ಟ. ಮ್ಯಾಟು ಖಾಲಿ ಇತ್ತು.

‘ಎಡ... ಮೂಲೆಯವನು,’ ಎಂದೆ. ನನ್ನ ಸ್ವರ ಸ್ಪೀಕರಿನಲ್ಲಿ ನನಗೇ ಪರಕೀಯವಾಗಿ ಕೇಳಿತು. ಜನ ತಿರುಗಿದರು. ನೆಲಕಡಲೆ ಮಾರುವವನು ಕೂಗುವುದನ್ನು ನಿಲ್ಲಿಸಿದ. ‘ಕಾಲು... ಹಿಡಿ... ಯುವಾಗ...’

ಅಲ್ಲಿ ಸಿಕ್ಕಿಬಿತ್ತು. ಮುಂದಿನ ಪದ ಬರಲೊಲ್ಲದು. ವಿರಾಮ ಮುಗಿಯಿತು, ಎರಡೂ ತಂಡದವರು ಬದಿ ಬದಲಿಸಿ ಮ್ಯಾಟಿಗೆ ಇಳಿದರು. ಅಂಪೈರ್ ಸೀಟಿ ಬಾಯಿಗಿಟ್ಟು ನನ್ನನ್ನು ನೋಡಿ, ಹಾಗೆಯೇ ನಿಂತ. ಎಡಮೂಲೆಯ ಹುಡುಗ ಸೊಂಟಕ್ಕೆ ಕೈಯಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದ. ಇಡೀ ಮೈದಾನದಲ್ಲಿ ಒಬ್ಬರೂ ನನ್ನ ವಾಕ್ಯವನ್ನು ಮುಗಿಸಲಿಲ್ಲ.

‘...ಕಣ್ಣು... ಮುಚ್ಚುತ್ತಾನೆ. ಮುಚ್ಚಬೇಡ... ಮಾರಾಯ. ಅದು... ಕಾಲು. ಹಾವಲ್ಲ.’

ಮೈದಾನ ಒಮ್ಮೆಲೇ ಬಿದ್ದು ಬಿದ್ದು ನಕ್ಕಿತು. ಎಡಮೂಲೆಯವನು ತಾನೂ ನಗುತ್ತಾ ಮುಖ ಮುಚ್ಚಿಕೊಂಡ. ಈ ನಗುವಿಗಾಗಿಯೇ ನಾನು ಎಷ್ಟೋ ವರ್ಷ ಉಸಿರು ಬಿಗಿಹಿಡಿದವನು. ಕಣ್ಣು ಮಂಜಾಯಿತು. ನಗು ಇಳಿಯಿತು. ಆದರೆ ಆಟ ಶುರುವಾಗಲಿಲ್ಲ. ರೈಡರ್ ನಡುಗೆರೆಯ ಹತ್ತಿರ ಬಂದು, ಒಂದು ಕಾಲು ಮುಂದಿಟ್ಟು, ಅಂಪೈರನ್ನು ಬಿಟ್ಟು ನನ್ನ ಕಡೆಗೆ ತಿರುಗಿ ನಿಂತಿದ್ದ.

‘ಹೋಗ್ಲಾ ಅಣ್ಣ?’ ಎಂದು ಕೂಗಿ ಕೇಳಿದ.

ಹೋಗು ಎಂಬ ಪದ ಆಗಲೇ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೂ ಬೇಕೆಂದೇ ಅವನನ್ನು ಒಂದು ಚೂರು ಕಾಯಿಸಿದೆ.